ಬಾನುಲಿಯಲ್ಲಿ ಒಂದು ದಿನದ ಶಾಸ್ತ್ರೀಯ ಸಂಗೀತ: ರೇಡಿಯೋ ಸಜ್ಜು, ಕಿವಿ ಸಜ್ಜು

ಆಕಾಶವಾಣಿಯ ಅರ್ಧ ಗಂಟೆಯ ಕಚೇರಿಯಲ್ಲಿ ಉದ್ಘೋಷಣೆಗೆ ಹಿಡಿಯುವುದು ಒಂದೆರಡು ನಿಮಿಷ. ಕಲಾವಿದರ ಹೆಸರು, ಪಕ್ಕವಾದ್ಯದವರು, ಮೊದಲ ಕೃತಿಯ ರಾಗ, ತಾಳ, ಅದನ್ನು ರಚಿಸಿದ ವಾಗ್ಗೇಯಕಾರರು ಎಲ್ಲವೂ ಅಷ್ಟರಲ್ಲೇ ಬಂದು ಹೋಗುತ್ತವೆ. ಹೆಚ್ಚಿನವರ ಕೈತಪ್ಪುವುದು ಇದೇ. ಮುಳ್ಳು ತಿರುಗಿಸಿ, ಏರಿಯಲ್ ಎಳೆದು, ಗರಗರ ಸದ್ದು ಅಡಗಿಸುವ ಹೊತ್ತಿಗೆ ಆಲಾಪನೆ ಅರ್ಧ ಮುಗಿದಿರುತ್ತದೆ. ಸಭೆಯ ಕಚೇರಿಗೆ ತಡವಾಗಿ ಹೋದರೆ ಪಕ್ಕದವರನ್ನು ಮೆಲ್ಲಗೆ ಕೇಳಬಹುದು. ಬಾನುಲಿಯಲ್ಲಿ ಪಕ್ಕದವರಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಕೇಳುವ ಮನಸ್ಸಿದ್ದರೆ ತಯಾರಿ ಹಿಂದಿನ ಸಂಜೆಯೇ ಆಗಬೇಕು.

ಹಿಂದಿನ ಸಂಜೆ: ಸ್ಟೇಷನ್ ಹಿಡಿದಿಡುವುದು

ಮೀಡಿಯಂ ವೇವ್‌ನಲ್ಲಿ (ಸೆಟ್ಟಿನ ಮೇಲೆ MW ಅಥವಾ AM ಎಂದಿರುವುದು) ಬೆಂಗಳೂರು 612, ಧಾರವಾಡ 765, ಭದ್ರಾವತಿ 675, ಕಲಬುರಗಿ 1107 ಕಿಲೋಹರ್ಟ್ಸ್. ಎಫ್‌ಎಂನಲ್ಲಿ ಮೈಸೂರು 100.6, ಮಂಗಳೂರು 100.3 ಮೆಗಾಹರ್ಟ್ಸ್. ಕರ್ನಾಟಕ ಸಂಗೀತಕ್ಕೆ ಬೆಂಗಳೂರು, ಮೈಸೂರು, ಹಿಂದೂಸ್ತಾನಿಗೆ ಧಾರವಾಡ, ಯಕ್ಷಗಾನ, ತಾಳಮದ್ದಳೆಗೆ ಮಂಗಳೂರು. ಇದು ಕಟ್ಟುನಿಟ್ಟಿನ ಗೆರೆಯೇನಲ್ಲ, ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಸಾಕು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದೂ ಮೈಸೂರಿನಲ್ಲೇ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ನಡೆಸಿದ ಪುಟ್ಟ ಕೇಂದ್ರದ ಹೆಸರು ಆಮೇಲೆ ಇಡೀ ದೇಶದ ಬಾನುಲಿಯದಾಯಿತು.

ಅಂಕಿ ತೋರಿಸುವ ಡಿಜಿಟಲ್ ಸೆಟ್ ಇದ್ದರೆ ಒಂದು ಸಂಗತಿ ಮೊದಲೇ ನೋಡಿಕೊಳ್ಳಿ. ನಮ್ಮಲ್ಲಿ ಮೀಡಿಯಂ ವೇವ್ ಕೇಂದ್ರಗಳು 9 ಕಿಲೋಹರ್ಟ್ಸ್ ಅಂತರದಲ್ಲಿ ಕೂತಿವೆ. 612, 675, 765, 1107 ಯಾವುದನ್ನು ತೆಗೆದುಕೊಂಡರೂ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಅಮೆರಿಕದಲ್ಲಿ ಈ ಅಂತರ 10. ಮಕ್ಕಳು ಅಲ್ಲಿಂದ ತಂದುಕೊಟ್ಟ ಸೆಟ್ಟಿನಲ್ಲಿ ಸ್ಟೇಷನ್ ಹುಡುಕಿದರೆ 610 ಬರುತ್ತದೆ, 620 ಬರುತ್ತದೆ, 612 ಮಾತ್ರ ಬರುವುದಿಲ್ಲ. ಬೆಂಗಳೂರು ಕೇಳಿಸಿದರೂ ಒಡೆದ ದನಿಯಲ್ಲಿ ಕೇಳಿಸುತ್ತದೆ. ಸೆಟ್ ಕೆಟ್ಟಿದೆ ಎಂದು ಮೂಲೆಗಿಡಬೇಡಿ. ಸೆಲ್ ಹಾಕುವ ಮುಚ್ಚಳದ ಒಳಗೆ 9/10 ಎಂದು ಬರೆದ ಸಣ್ಣ ಸ್ವಿಚ್ ಇರಬಹುದು, ಇಲ್ಲವೇ ಯಾವುದೋ ಗುಂಡಿಯನ್ನು ಒತ್ತಿ ಹಿಡಿದರೆ ಅಂತರ ಬದಲಾಗಬಹುದು. ಅದನ್ನು 9ಕ್ಕೆ ಹಾಕಿ.

ಮೀಡಿಯಂ ವೇವ್‌ಗೆ ಮೇಲೆ ಎಳೆಯುವ ಉದ್ದನೆಯ ಏರಿಯಲ್‌ನಿಂದ ಸಾಮಾನ್ಯವಾಗಿ ಯಾವ ಉಪಯೋಗವೂ ಇಲ್ಲ. ಅಲೆ ಹಿಡಿಯುವುದು ಸೆಟ್ಟಿನ ಒಳಗೆ ಅಡ್ಡಡ್ಡ ಮಲಗಿರುವ, ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ. ಕಡ್ಡಿಯ ತುದಿ ಪ್ರಸಾರ ಕೇಂದ್ರದ ಕಡೆ ನೆಟ್ಟಗೆ ನೋಡುತ್ತಿದ್ದರೆ ದನಿ ತೀರಾ ಕ್ಷೀಣ, ಪಕ್ಕ ಆ ಕಡೆಗಿದ್ದರೆ ಜೋರು. ಆದ್ದರಿಂದ ಏರಿಯಲ್ ಬಿಟ್ಟು ಇಡೀ ಸೆಟ್ಟನ್ನೇ ನಿಧಾನವಾಗಿ ತಿರುಗಿಸಿ, ದನಿ ಅತಿ ಸ್ಪಷ್ಟವಾದ ಕಡೆ ನಿಲ್ಲಿಸಿ, ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಇದೇ ಗುಣವನ್ನು ಉಲ್ಟಾ ಬಳಸಲೂಬಹುದು: ಪಕ್ಕದ ಮನೆಯ ಯಾವುದೋ ಯಂತ್ರ ಕಿರಿಕಿರಿ ಮಾಡುತ್ತಿದ್ದರೆ ಕಡ್ಡಿಯ ತುದಿ ಆ ಮನೆಯತ್ತ ನೋಡುವಂತೆ ತಿರುಗಿಸಿ. ಸಂಗೀತ ಸ್ವಲ್ಪ ತಗ್ಗಿದರೂ ಸದ್ದು ಅದಕ್ಕಿಂತ ಹೆಚ್ಚು ತಗ್ಗುತ್ತದೆ.

ಎಫ್‌ಎಂ ಬೇರೆ ಲೆಕ್ಕ. ಅದಕ್ಕೆ ಎಳೆಯುವ ಏರಿಯಲ್ ಬೇಕೇ ಬೇಕು, ಅದು ಮುರಿದಿದ್ದರೆ 75 ಸೆಂಟಿಮೀಟರ್ ಉದ್ದದ ಸಾಮಾನ್ಯ ವೈರು ಸಾಕು. ನೂರು ಮೆಗಾಹರ್ಟ್ಸ್‌ನ ಅಲೆಯ ಉದ್ದ 3 ಮೀಟರ್, ಅದರ ಕಾಲುಭಾಗ ಇದು. ತುದಿಯ ಪ್ಲಾಸ್ಟಿಕ್ ಸುಲಿದು ಏರಿಯಲ್‌ನ ಬುಡಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ಕಿಟಕಿಯ ಮರದ ಚೌಕಟ್ಟಿಗೆ ಅಂಟಿಸಿ; ಕಬ್ಬಿಣದ ಸರಳಿಗೆ ಕಟ್ಟಿದರೆ ಲಾಭವಿಲ್ಲ. ದೂರದ ಕೇಂದ್ರ ಸ್ಟೀರಿಯೋದಲ್ಲಿ ‘ಸುಸ್’ ಎನ್ನುತ್ತಿದ್ದರೆ ಸ್ವಿಚ್ಚನ್ನು ಮೋನೋಗೆ ಹಾಕಿ. ಎಡ ಬಲದ ವ್ಯತ್ಯಾಸ ಹೋದರೂ ಸದ್ದಡಗಿ ತಂಬೂರಿ ಕೇಳಿಸುತ್ತದೆ. ಅದೇ ದೊಡ್ಡ ಗಳಿಕೆ.

ಸದ್ದು ಎಲ್ಲಿಂದ ಬರುತ್ತದೆ

ಮೀಡಿಯಂ ವೇವ್ ಈಗ ಕೇಳುವುದಕ್ಕೇ ಆಗುವುದಿಲ್ಲ ಎಂಬ ದೂರು ಸಾಮಾನ್ಯ. ಎಷ್ಟೋ ಸಲ ತಪ್ಪು ಪ್ರಸಾರದ್ದಲ್ಲ, ನಮ್ಮ ಮನೆಯದೇ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇಂಡಕ್ಷನ್ ಒಲೆ, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಇನ್ವರ್ಟರ್, ವೈಫೈ ಪೆಟ್ಟಿಗೆಯ ಅಡಾಪ್ಟರ್ ಎಲ್ಲವೂ ಇದೇ ತರಂಗಗಳ ಮೇಲೆ ಸದ್ದು ಚೆಲ್ಲುತ್ತವೆ. ಪತ್ತೆ ಮಾಡುವುದು ಸುಲಭ. ರೇಡಿಯೋವನ್ನು ಸೆಲ್ ಮೇಲೆ ನಡೆಸಿ, ಮನೆಯ ಮೇನ್ ಸ್ವಿಚ್ ಒಂದು ನಿಮಿಷ ಆರಿಸಿ, ಇನ್ವರ್ಟರನ್ನೂ ಆರಿಸಿ. ಸದ್ದು ನಿಂತರೆ ಕಳ್ಳ ಮನೆಯೊಳಗಿದ್ದಾನೆ. ಆಮೇಲೆ ಒಂದೊಂದೇ ಹಾಕುತ್ತ ಬನ್ನಿ. ಚಾರ್ಜರ್‌ನಲ್ಲಿ ಫೋನ್ ಇಲ್ಲದಿದ್ದರೂ ಅದು ಗೋಡೆಯಲ್ಲಿದ್ದರೆ ಸದ್ದು ಮಾಡುತ್ತಲೇ ಇರಬಹುದು.

ಕಚೇರಿಯ ಹೊತ್ತಿಗೆ ಸೆಟ್ಟನ್ನು ಸೆಲ್ ಮೇಲೆ ನಡೆಸುವುದೇ ಒಳ್ಳೆಯದು. ಅಗ್ಗದ ಅಡಾಪ್ಟರ್‌ನಿಂದ ಬರುವ ‘ಹುಂ’ ನಾದ 100 ಹರ್ಟ್ಸ್ ಹತ್ತಿರದ್ದು. ಅದು ತಂಬೂರಿಯ ಮಂದ್ರಕ್ಕೆ, ಅಂದರೆ ತಗ್ಗಿನ ನಾದಕ್ಕೆ, ಅಂಟಿಕೊಂಡು ಆಧಾರ ಸ್ವರವಾದ ಷಡ್ಜವನ್ನೇ ಕೆಡಿಸುತ್ತದೆ, ಶ್ರುತಿ ತಪ್ಪಿದೆಯೇನೋ ಎಂದು ಕಲಾವಿದರ ಮೇಲೆ ಅನುಮಾನ ಬರುತ್ತದೆ.

ಸಣ್ಣ ಸೆಟ್ಟಿನ ಸ್ಪೀಕರ್‌ಗೆ ಇನ್ನೊಂದು ಮಿತಿ ಇದೆ. ಮೃದಂಗದ ಎಡಭಾಗ, ತಬಲಾ ಜೋಡಿಯಲ್ಲಿ ಎಡಗೈಯ ಬಾಯಾ, ಎರಡರ ಮಂದ್ರ ನಾದವೂ ಅದರಲ್ಲಿ ಹೊರಡುವುದೇ ಇಲ್ಲ. ತೀನ್‌ತಾಳದಲ್ಲಿ ಖಾಲಿ, ಅಂದರೆ ಕೈ ತಟ್ಟದೆ ಬಿಡುವ ಭಾಗ, ಎಲ್ಲಿದೆ ಎಂದು ಕಿವಿಗೆ ತಿಳಿಯುವುದೇ ಬಾಯಾ ಸುಮ್ಮನಾದಾಗ: ‘ಧಾ ತಿನ್ ತಿನ್ ತಾ’ ಎಂಬಲ್ಲಿ ಗುಂಯ್‌ಗುಡುವ ನಾದ ಕರಗಿ ಬರೀ ಒಣ ಬಡಿತ ಉಳಿಯುತ್ತದೆ. ಅಂಗೈಯಗಲದ ಸ್ಪೀಕರ್‌ನಲ್ಲಿ ಹದಿನಾರು ಮಾತ್ರೆಯೂ ಒಣ ಬಡಿತದಂತೆಯೇ ಕೇಳಿಸುತ್ತದೆ, ಎಣಿಕೆ ಹಿಡಿಯಲಾಗುವುದಿಲ್ಲ. ತಾಳ ಕಲಿಯುತ್ತಿರುವವರು ಇಯರ್‌ಫೋನ್ ಹಾಕಿಕೊಳ್ಳಿ, ಅಥವಾ ಇಯರ್‌ಫೋನ್ ತೂತಿನಿಂದ ಮನೆಯ ದೊಡ್ಡ ಸ್ಪೀಕರ್‌ಗೆ 3.5 ಮಿಲಿಮೀಟರ್ ತಂತಿ ಕೊಡಿ.

ಬೆಳಿಗ್ಗೆ ಐದು ಮುಕ್ಕಾಲಕ್ಕೆ

ಪ್ರಸಾರ ಆರಂಭವಾಗುವ ಮೊದಲೇ ಸೆಟ್ ಹಾಕಿ. ಆಕಾಶವಾಣಿಯ ಆ ಪರಿಚಿತ ಆರಂಭದ ನಾದ, ವಾಲ್ಟರ್ ಕೌಫ್‌ಮನ್ ಸಂಯೋಜಿಸಿದ್ದು, ಮರಳಿ ಮರಳಿ ಬರುತ್ತಿರುತ್ತದೆ. ಹಿಂದೆ ತಂಬೂರಿ, ಮೇಲೆ ಪಿಟೀಲಿನ ಎಳೆ. ಸೆಟ್ ಹದಮಾಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಪಿಟೀಲು ಮೇಲೇರಿದಾಗ ಕಿರುಚಿದಂತೆ ಕೇಳಿದರೆ ಮುಳ್ಳು ಕೂದಲೆಳೆಯಷ್ಟು ಅತ್ತಿತ್ತ ಸರಿದಿದೆ. ಸರಿಮಾಡಿ. ಆಮೇಲೆ ಉದ್ಘೋಷಕರ ಮಾತಿನಲ್ಲಿ ‘ಸ’, ‘ಶ’ ಅಕ್ಷರಗಳನ್ನು ಗಮನಿಸಿ. ಅವು ‘ಛ’ದಂತೆ ಸಿಡಿದರೆ ಇನ್ನೂ ಸ್ವಲ್ಪ ಸರಿಯಬೇಕು. ಕೆಲವು ಸೆಟ್‌ಗಳಲ್ಲಿ ಮೀಡಿಯಂ ವೇವ್‌ಗೆ ಅಗಲ, ಕಿರಿದು ಎಂಬ ಎರಡು ಆಯ್ಕೆ ಇರುತ್ತದೆ. ಹತ್ತಿರದ ಕೇಂದ್ರಕ್ಕೆ ಅಗಲವನ್ನೇ ಇಟ್ಟರೆ ತಂಬೂರಿಯ ಜೀವಾಳ ಉಳಿಯುತ್ತದೆ.

ಬೆಳಗಿನ ಪ್ರಸಾರದ ಮೊದಲ ಭಾಗದಲ್ಲಿ ದಿನದ ಮುಖ್ಯ ಕಾರ್ಯಕ್ರಮಗಳ ವಿವರ ಓದುತ್ತಾರೆ. ಪೆನ್ನು ಕೈಯಲ್ಲಿರಲಿ. ಬರೆಯಬೇಕಾದದ್ದು ಮೂರೇ: ಗಂಟೆ, ಪ್ರಕಾರ, ಕಲಾವಿದರು. ಅಲ್ಲಿಂದಾಚೆ ದಿನವನ್ನು ಹೀಗೆ ಹಂಚಿಕೊಳ್ಳಿ: ಮನಸ್ಸಿಟ್ಟು ಕೇಳುವುದು ಮೂರು ಕಾರ್ಯಕ್ರಮ, ಉಳಿದವು ಕೆಲಸದ ಜೊತೆಗೆ. ಇಡೀ ದಿನ ಒಂದೇ ಗಮನ ಇಡುತ್ತೇನೆಂದು ಹೊರಟರೆ ಮಧ್ಯಾಹ್ನಕ್ಕೆ ಕಿವಿ ದಣಿದು, ರಾತ್ರಿಯ ದೊಡ್ಡ ಕಚೇರಿಗೆ ಏನೂ ಉಳಿದಿರುವುದಿಲ್ಲ.

ಹೊರದೇಶದಲ್ಲಿರುವವರು ಆಕಾಶವಾಣಿಯ ನೇರ ಪ್ರಸಾರವನ್ನು ಆ್ಯಪ್‌ನಲ್ಲಿ ಕೇಳಬಹುದು. ಸಮಯದ ಲೆಕ್ಕ ಮರೆಯಬೇಡಿ: ಇಲ್ಲಿಯ ಬೆಳಗಿನ ಆರು ಗಂಟೆ ನ್ಯೂಯಾರ್ಕಿನ ಬೇಸಿಗೆಯಲ್ಲಿ ಹಿಂದಿನ ರಾತ್ರಿಯ 8.30, ಚಳಿಗಾಲದಲ್ಲಿ 7.30. ಅಂತರ್ಜಾಲದ ದನಿ ಗಾಳಿಯಲ್ಲಿ ಬರುವುದಕ್ಕಿಂತ ಕೆಲವು ಸೆಕೆಂಡುಗಳಿಂದ ಅರ್ಧ ನಿಮಿಷದವರೆಗೂ ಹಿಂದೆ ಬೀಳಬಹುದು. ಅದನ್ನು ಕೇಳಿ ಗಡಿಯಾರ ತಿದ್ದಬೇಡಿ.

ರಾಗ ಹಿಡಿಯುವುದು, ಉದ್ಘೋಷಣೆ ತಪ್ಪಿದಾಗಲೂ

ಇದನ್ನು ಅಭ್ಯಾಸ ಮಾಡಿಕೊಂಡವರಿಗೆ ಬಾನುಲಿಯಷ್ಟು ಒಳ್ಳೆಯ ಗುರು ಸಿಗುವುದು ಕಷ್ಟ. ಉದ್ಘೋಷಣೆ ತಪ್ಪಿತು ಎಂದುಕೊಳ್ಳಿ. ಮೊದಲು ತಂಬೂರಿಯ ಜೊತೆ ನಿಮ್ಮ ಷಡ್ಜ ಸೇರಿಸಿ, ಮೆಲ್ಲಗೆ ಗುನುಗಿ. ಇಲ್ಲಿ ಅವಸರ ಬೇಡ, ಮೂರು ನಾಲ್ಕು ಉಸಿರು ಅದಕ್ಕೇ ಕೊಡಿ. ಪಂಚಮವನ್ನೇ ಷಡ್ಜ ಎಂದುಕೊಂಡರೆ ಮುಂದಿನದೆಲ್ಲ ತಪ್ಪುತ್ತದೆ. ಗಾಯಕರು ಪ್ರತಿ ಸಂಚಾರದ ಕೊನೆಗೆ ಬಂದು ನಿಲ್ಲುವ ಸ್ವರ ಸಾಮಾನ್ಯವಾಗಿ ಷಡ್ಜ, ಅದನ್ನು ನಂಬಿ.

ಆಮೇಲೆ ಮಧ್ಯಮ, ಅಂದರೆ ‘ಮ’ ಸ್ವರ, ನೋಡಿ. ಶುದ್ಧವೋ (ತಗ್ಗಿನದು) ಪ್ರತಿಯೋ (ಏರಿನದು) ಎಂದು ತಿಳಿದರೆ ಕರ್ನಾಟಕ ಸಂಗೀತದ ಮೂಲ ರಾಗಗಳಾದ 72 ಮೇಳಗಳಲ್ಲಿ 36 ಪಕ್ಕಕ್ಕೆ ಸರಿದಂತೆ. ಶಂಕರಾಭರಣಕ್ಕೂ ಕಲ್ಯಾಣಿಗೂ ಇರುವ ಸ್ವರ ವ್ಯತ್ಯಾಸ ಅದೊಂದೇ. ಮುಂದೆ ಗಾಂಧಾರ, ನಂತರ ಬಿಟ್ಟುಹೋದ ಸ್ವರ ಯಾವುದು ಎಂಬುದು. ಇಷ್ಟಾದರೂ ಕೆಲವು ಜೋಡಿಗಳು ಸ್ವರ ಎಣಿಸಿದರೆ ಬಗೆಹರಿಯುವುದಿಲ್ಲ. ಆರಭಿ, ದೇವಗಾಂಧಾರಿ ಎರಡಕ್ಕೂ ಆರೋಹಣ ಅವರೋಹಣ ಒಂದೇ. ಆರಭಿ ಚುರುಕಾಗಿ ನೇರವಾಗಿ ಓಡುತ್ತದೆ. ದೇವಗಾಂಧಾರಿ ನಿಧಾನ, ಸ್ವರಗಳ ಮೇಲೆ ತೂಗುತ್ತ ಬರುತ್ತದೆ. ಸ್ವರ ಬಿಟ್ಟು ನಡೆಯನ್ನು ಕೇಳಬೇಕಾದ ಜಾಗ ಇದು.

ಹಿಂದೂಸ್ತಾನಿಯಲ್ಲಿ ಗಡಿಯಾರವೂ ಸಹಾಯಕ್ಕೆ ಬರುತ್ತದೆ, ಏಕೆಂದರೆ ಬಾನುಲಿಯಲ್ಲಿ ರಾಗದ ಹೊತ್ತನ್ನು ಸಾಮಾನ್ಯವಾಗಿ ಪಾಲಿಸುತ್ತಾರೆ. ಬೆಳಿಗ್ಗೆ ಭೂಪ್ ರಾಗದ ಐದೇ ಸ್ವರ ಕೇಳಿದರೆ, ಧೈವತಕ್ಕೆ ಒತ್ತಿದ್ದರೆ, ಅದು ದೇಶ್‌ಕಾರ್. ಮಾರ್ವಾ, ಪೂರಿಯಾ, ಸೋಹನಿ ಮೂರಕ್ಕೂ ಸ್ವರಗಳು ಒಂದೇ. ಸೂರ್ಯಾಸ್ತದ ಹೊತ್ತಿಗೆ ಋಷಭ ಧೈವತಗಳ ಮೇಲೆ ನಿಂತು ಷಡ್ಜವನ್ನು ಸತಾಯಿಸುವುದು ಮಾರ್ವಾ. ಗಾಂಧಾರ ನಿಷಾದ ಹಿಡಿದು ಮಂದ್ರದಲ್ಲಿ ಓಡಾಡುವುದು ಪೂರಿಯಾ. ರಾತ್ರಿಯ ಕೊನೆಯ ಜಾವದಲ್ಲಿ ಮೇಲಿನ ಸ್ಥಾಯಿಯಾದ ತಾರದತ್ತಲೇ ಚಿಮ್ಮುವುದು ಸೋಹನಿ.

ಎರಡೂ ಪದ್ಧತಿ ಕೇಳುವವರು ಹೆಸರುಗಳ ಗೊಂದಲದಲ್ಲಿ ಬೀಳದಿರಲಿ. ಬೆಂಗಳೂರಿನಿಂದ ಬರುವ ತೋಡಿ ಧಾರವಾಡದಿಂದ ಬರುವ ತೋಡಿಯಲ್ಲ. ಕರ್ನಾಟಕ ಸಂಗೀತದ ತೋಡಿಯ ಸ್ವರಗಳು ಹಿಂದೂಸ್ತಾನಿಯಲ್ಲಿ ಭೈರವಿಯವು. ಹಿಂದೂಸ್ತಾನಿ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು. ನಮ್ಮ ಹಿಂದೋಳ ಅವರ ಮಾಲಕಂಸ್, ಅವರ ಹಿಂದೋಲ್ ಬೇರೆಯೇ ರಾಗ. ನೋಟುಪುಸ್ತಕದಲ್ಲಿ ರಾಗದ ಹೆಸರಿನ ಪಕ್ಕ ‘ಕ’ ಅಥವಾ ‘ಹಿ’ ಎಂದು ಬರೆಯುವುದನ್ನು ರೂಢಿ ಮಾಡಿಕೊಳ್ಳಿ.

ವಾಗ್ಗೇಯಕಾರರನ್ನು ಪತ್ತೆ ಮಾಡಲು ಕೃತಿಯ ಕೊನೆಯ ಭಾಗವಾದ ಚರಣದವರೆಗೆ ಕಾಯಿರಿ, ಅವರ ಗುರುತಿನ ಪದವಾದ ಅಂಕಿತ ಬರುತ್ತದೆ. ತ್ಯಾಗರಾಜರು ತಮ್ಮ ಹೆಸರನ್ನೇ ಇಡುತ್ತಾರೆ. ‘ಗುರುಗುಹ’ ಬಂದರೆ ಮುತ್ತುಸ್ವಾಮಿ ದೀಕ್ಷಿತರು, ‘ಶ್ಯಾಮಕೃಷ್ಣ’ ಬಂದರೆ ಶ್ಯಾಮಾಶಾಸ್ತ್ರಿಗಳು, ‘ಹರಿಕೇಶ’ ಮುತ್ತಯ್ಯ ಭಾಗವತರು, ‘ವಾಸುದೇವ’ ಮೈಸೂರು ವಾಸುದೇವಾಚಾರ್ಯರು, ‘ಶ್ರೀವಿದ್ಯಾ’ ಜಯಚಾಮರಾಜ ಒಡೆಯರು. ದೀಕ್ಷಿತರ ಎಷ್ಟೋ ಕೃತಿಗಳಲ್ಲಿ ರಾಗದ ಹೆಸರೂ ಸಾಹಿತ್ಯದೊಳಗೇ ಅಡಗಿರುತ್ತದೆ. ಅದನ್ನು ಕೇಳಿ ಹಿಡಿದಾಗಿನ ಸಂತೋಷವನ್ನು ತಪ್ಪಿಸಿಕೊಳ್ಳಬೇಡಿ, ಫೋನ್ ತೆಗೆದು ಹುಡುಕಬೇಡಿ.

ತಾಳಕ್ಕೆ ಕಣ್ಣಿನ ನೆರವಿಲ್ಲ. ಕೈ ನೀವೇ ಹಾಕಬೇಕು. ಪಲ್ಲವಿಯ ಮೊದಲ ಸಾಲು ಮರಳಿ ಬರುವ ತನಕ ತೊಡೆಯ ಮೇಲೆ ಸಮನಾಗಿ ತಟ್ಟಿ, ಎಷ್ಟಕ್ಕೆ ಮರಳಿತು ಎಂದು ಎಣಿಸಿ. ಎಂಟು ಅಥವಾ ಹದಿನಾರಕ್ಕೆ ಬಂದರೆ ಆದಿ ಇರಬಹುದು, ಏಳಕ್ಕೆ ಮಿಶ್ರಛಾಪು, ಐದಕ್ಕೆ ಖಂಡಛಾಪು. ಸಾಲು ಶುರುವಾದದ್ದೇ ಸಮ, ಅಂದರೆ ತಾಳದ ಮೊದಲ ತಟ್ಟು, ಎಂದು ತಿಳಿಯುವುದು ಸಾಮಾನ್ಯ ತಪ್ಪು. ಎಷ್ಟೋ ಕೃತಿಗಳ ಎಡುಪು, ಅಂದರೆ ಹಾಡು ಹಿಡಿಯುವ ಜಾಗ, ಸಮದಿಂದ ಅರ್ಧ ಅಥವಾ ಮುಕ್ಕಾಲು ಅಕ್ಷರ ಆಚೆ ಇರುತ್ತದೆ. ತನಿ ಆವರ್ತನ, ಅಂದರೆ ಲಯವಾದ್ಯದವರೇ ನುಡಿಸುವ ಭಾಗ, ಮುಗಿಯುವಾಗ ಮೃದಂಗದವರು ಮೂರು ಸಲ ಹೊಡೆಯುವ ಕೋರ್ವೆ ಎಂಬ ಮುಕ್ತಾಯದ ಲಯಗುಚ್ಛ ಗಾಯಕರು ಹಿಡಿಯುವ ಜಾಗಕ್ಕೆ ಬಂದು ಕೂಡುತ್ತದೆ. ಅಲ್ಲಿ ನಿಮ್ಮ ಎಣಿಕೆ ಸರಿಯಿತ್ತೇ ಎಂದು ತಿಳಿಯುತ್ತದೆ.

ಗಮಕ, ನಾಟಕ, ತಾಳಮದ್ದಳೆ

ಸಂಗೀತದ ನಡುವೆ ಗಮಕ ವಾಚನ ಬಂದರೆ ಬಿಡಬೇಡಿ. ಒಬ್ಬರು ಪದ್ಯ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಕುಮಾರವ್ಯಾಸ ಭಾರತವಾದರೆ ಛಂದಸ್ಸು ಭಾಮಿನಿ ಷಟ್ಪದಿ: ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳು, ಮೂರನೆಯ ಮತ್ತು ಆರನೆಯ ಪಾದ ಉದ್ದ, ಕೊನೆಗೆ ಒಂದು ಗುರು. ಬೆರಳಲ್ಲಿ ಮೂರು ನಾಲ್ಕು ತಟ್ಟುತ್ತ ಕೇಳಿದರೆ ರಾಗದ ಒಳಗೆ ಛಂದಸ್ಸು ಮುರಿಯದೆ ಹರಿಯುವುದು ತಿಳಿಯುತ್ತದೆ. ಪುಸ್ತಕ ಎದುರಿಗಿದ್ದರೆ ಇನ್ನೂ ಒಳ್ಳೆಯದು.

ಬಾನುಲಿ ನಾಟಕಕ್ಕೆ ಬೇಕಾದದ್ದು ಮೊದಲ ಐದು ನಿಮಿಷದ ಮೌನ. ಪಾತ್ರಗಳ ದನಿ ಗುರುತಾಗುವುದು ಅಲ್ಲೇ, ಆಗ ಕುಕ್ಕರ್ ಕೂಗಿದರೆ ಮುಂದೆ ಯಾರು ಯಾರೆಂದು ತಿಳಿಯದು. ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ, ಇರುವುದೆಲ್ಲ ಭಾಗವತಿಕೆ ಮತ್ತು ಮಾತು. ಆದ್ದರಿಂದಲೇ ಅದು ಬಾನುಲಿಗೆ ಹೇಳಿ ಮಾಡಿಸಿದ ಕಲೆ.

ರೆಕಾರ್ಡ್ ಮಾಡುವುದಾದರೆ

ಸ್ಪೀಕರ್ ಮುಂದೆ ಫೋನ್ ಇಟ್ಟು ರೆಕಾರ್ಡ್ ಮಾಡಬೇಡಿ. ಫೋನಿನ ವಾಯ್ಸ್ ರೆಕಾರ್ಡರ್ ಮನುಷ್ಯರ ಮಾತಿಗಾಗಿ ಮಾಡಿದ್ದು. ಏಕನಾದವಾಗಿ ಬರುವ ಸದ್ದನ್ನು ಅದು ಫ್ಯಾನಿನ ಗದ್ದಲ ಎಂದು ಅಳಿಸಲು ನೋಡುತ್ತದೆ. ಮೊದಲು ಬಲಿಯಾಗುವುದು ತಂಬೂರಿ. ಜೊತೆಗೆ ದನಿಯ ಮಟ್ಟವನ್ನು ತಾನೇ ಏರಿಳಿಸುತ್ತದೆ, ಗಾಯಕರು ಉಸಿರು ತೆಗೆದುಕೊಂಡಾಗಲೆಲ್ಲ ಹಿನ್ನೆಲೆ ಉಬ್ಬಿ ಬರುತ್ತದೆ.

ರೇಡಿಯೋದ ಇಯರ್‌ಫೋನ್ ತೂತಿನಿಂದ ಕಂಪ್ಯೂಟರ್‌ನ ಲೈನ್ ಇನ್‌ಗೆ ತಂತಿ ಕೊಡಿ. ಲೈನ್ ಇನ್ ಇಲ್ಲದಿದ್ದರೆ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಮೈಕ್ ತೂತಿಗೆ ನೇರ ಕೊಟ್ಟರೆ ದನಿ ಒಡೆಯುತ್ತದೆ. ರೇಡಿಯೋದ ವಾಲ್ಯೂಮ್ ಮೂರನೇ ಒಂದು ಭಾಗಕ್ಕೆ ಇಟ್ಟು, ಅತಿ ಜೋರಿನ ಜಾಗದಲ್ಲಿ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರುವಂತೆ ನೋಡಿಕೊಳ್ಳಿ. ಹದವನ್ನು ಉದ್ಘೋಷಣೆಯ ಮೇಲೆ ಮಾಡಬೇಡಿ, ತನಿ ಆವರ್ತನ ಅದಕ್ಕಿಂತ ಜೋರಾಗಿ ಬರುತ್ತದೆ. 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೋ ವೇವ್ ಕಡತ ಗಂಟೆಗೆ ಸುಮಾರು 635 ಎಂಬಿ, ಮೋನೋ ಅದರ ಅರ್ಧ, 128 ಕಿಲೋಬಿಟ್ ಎಂಪಿ3 ಸುಮಾರು 58 ಎಂಬಿ. ಮೀಡಿಯಂ ವೇವ್‌ಗೆ ಮೋನೋ ಸಾಕು. ಚಾರ್ಜರ್ ಹಾಕಿದ ಲ್ಯಾಪ್‌ಟಾಪ್ ಪಕ್ಕದಲ್ಲಿದ್ದರೆ ಸದ್ದು ತಂತಿಯಲ್ಲೇ ಬರುತ್ತದೆ, ಬ್ಯಾಟರಿ ಮೇಲೆ ನಡೆಸಿ. ಇದೆಲ್ಲ ಸ್ವಂತ ಕೇಳುವಿಕೆಗೆ, ಅಭ್ಯಾಸಕ್ಕೆ ಮಾತ್ರ. ಪ್ರಸಾರದ ಹಕ್ಕು, ಕಲಾವಿದರ ಹಕ್ಕು ಎರಡೂ ಇವೆ. ಯಾರೂ ಇದನ್ನು ಅಂತರ್ಜಾಲಕ್ಕೆ ಏರಿಸಬಾರದು.

ರಾತ್ರಿ

ಕತ್ತಲಾದ ಮೇಲೆ ಮೀಡಿಯಂ ವೇವ್‌ನ ಸ್ವಭಾವ ಬದಲಾಗುತ್ತದೆ. ಹಗಲು ಬಿಸಿಲಿಗೆ ಮೇಲಿನ ವಾತಾವರಣದಲ್ಲಿ ಕಟ್ಟಿಕೊಳ್ಳುವ ಒಂದು ಪದರ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ರಾತ್ರಿ ಅದು ಕರಗಿ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಬೆಂಗಳೂರಿನಲ್ಲಿ ಕೂತು ಧಾರವಾಡ, 720ರಲ್ಲಿ ಚೆನ್ನೈ, 936ರಲ್ಲಿ ತಿರುಚಿರಾಪಳ್ಳಿ ಹುಡುಕಲು ಇದೇ ಹೊತ್ತು. ದನಿ ಅಲೆಅಲೆಯಾಗಿ ಏರಿ ಇಳಿಯುತ್ತದೆ. ಸೆಟ್ ದೋಷವಲ್ಲ, ಮುಳ್ಳು ಮುಟ್ಟದೆ ಕಾಯಿರಿ.

ದೊಡ್ಡ ಕಚೇರಿಗಳು ಬರುವುದೂ ರಾತ್ರಿಯೇ. ರಾಷ್ಟ್ರೀಯ ಸಂಗೀತ ಕಾರ್ಯಕ್ರಮ 1952ರಿಂದ, ಆಕಾಶವಾಣಿ ಸಂಗೀತ ಸಮ್ಮೇಳನ 1954ರಿಂದ ನಡೆದು ಬಂದಿವೆ. ಸಮ್ಮೇಳನದ ಕಚೇರಿಗಳನ್ನು ಆಹ್ವಾನಿತ ಶ್ರೋತೃಗಳ ಮುಂದೆ ಧ್ವನಿಮುದ್ರಿಸಿ ಆಮೇಲೆ ಪ್ರಸಾರ ಮಾಡುತ್ತಾರೆ. ಇಲ್ಲಿ ರಾಗಕ್ಕೆ ಬಿಚ್ಚಿಕೊಳ್ಳಲು ಜಾಗವಿದೆ. ಬೆಳಗಿನ ಅರ್ಧ ಗಂಟೆಯಲ್ಲಿ ಐದಾರು ನಿಮಿಷದ ಆಲಾಪನೆ ಕೇಳಿದ ರಾಗವನ್ನೇ ಇಲ್ಲಿ ಇಪ್ಪತ್ತು ನಿಮಿಷ ಕೇಳಲು ಸಿಕ್ಕರೆ ಎರಡನ್ನೂ ಹೋಲಿಸಿ ಬರೆದಿಡಿ. ಇನ್ನೊಂದು ದಿನವನ್ನು ಪಂಚಾಂಗದಲ್ಲಿ ಗುರುತು ಮಾಡಿಕೊಳ್ಳಿ: ಪುಷ್ಯ ಬಹುಳ ಪಂಚಮಿ. ಅಂದು ತ್ಯಾಗರಾಜರ ಆರಾಧನೆ, ಬೆಳಿಗ್ಗೆ ತಿರುವಯ್ಯಾರಿನಿಂದ ಅವರ ಪಂಚರತ್ನ ಕೃತಿಗಳ ನೇರ ಪ್ರಸಾರ. ನಾಟ, ಗೌಳ, ಆರಭಿ, ವರಾಳಿ, ಶ್ರೀ ಇದೇ ಕ್ರಮದಲ್ಲಿ ಬರುತ್ತವೆ, ಐದೂ ಆದಿತಾಳ. ಸಾಹಿತ್ಯ ಎದುರಿಗಿಟ್ಟುಕೊಂಡು ಜೊತೆಗೇ ಹಾಡಲು ಇದಕ್ಕಿಂತ ದೊಡ್ಡ ಗೋಷ್ಠಿ ಸಿಗದು.

ಮಲಗುವ ಮುನ್ನ ನೋಟುಪುಸ್ತಕ. ಒಂದು ಸಾಲು ಹೀಗಿರಲಿ: ‘ರಾತ್ರಿ 10.05, ಧಾರವಾಡ, ಸಿತಾರ್, ಬಾಗೇಶ್ರೀ? (ಹಿ), ತೀನ್‌ತಾಳ, ಪಂಚಮ ಕಡಿಮೆ.’ ಊಹೆಯ ಮುಂದೆ ಪ್ರಶ್ನೆಚಿಹ್ನೆ ಇಟ್ಟು, ಕೊನೆಯ ಉದ್ಘೋಷಣೆ ಕೇಳಿದ ಮೇಲೆ ಬೇರೆ ಶಾಯಿಯಲ್ಲಿ ಸರಿ ತಪ್ಪು ಹಾಕಿ. ತಪ್ಪನ್ನು ಹೊಡೆದುಹಾಕಬೇಡಿ, ಓದುವಂತೆ ಉಳಿಸಿ. ಮೂರು ತಿಂಗಳ ನಂತರ ಪುಟ ತಿರುವಿದರೆ ಯಾವ ಜೋಡಿ ರಾಗಗಳಲ್ಲಿ ಕಿವಿ ಪದೇ ಪದೇ ಎಡವುತ್ತಿದೆ ಎಂದು ಅಲ್ಲೇ ಕಾಣುತ್ತದೆ. ಮುಂದೆ ಕೇಳಬೇಕಾದದ್ದು ಆ ರಾಗಗಳನ್ನು.

ಇನ್ನು ವಾರಗಟ್ಟಲೆ ಸೆಟ್ ಬಳಸುವುದಿಲ್ಲ ಎಂದಾದರೆ ಸೆಲ್ ತೆಗೆದಿಡಿ. ಸೋರಿದ ಸೆಲ್‌ನ ಬಿಳಿ ಪುಡಿ ಸ್ಪ್ರಿಂಗನ್ನು ತಿಂದುಬಿಡುತ್ತದೆ. ತಿಂದಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಎರಡು ಹನಿ ವಿನೆಗರ್ ಹಾಕಿ ಉಜ್ಜಿ, ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ.